ಮೂರು ಅಂಗುಲ ಗಿಡ್ಡವಾದ ಸ್ಟಿಕ್

ಅಪ್ಪ ದಿಂಡಿಗಲ್ಲಿನಲ್ಲಿ ಬೀಗ ಮಾಡುತ್ತಿದ್ದರು. ಕೈಯಲ್ಲಿ ಮಾಡಿದ ಬೀಗ ಕೇಳುವವರು ಕಡಿಮೆಯಾದ ಮೇಲೆ ಕಬ್ಬಿಣ, ಮರ ಕಡೆಯುವ ಹಳೆಯ ಲೇತ್ ಮೆಷಿನ್ ಒಂದನ್ನು ಹಾಕಿಕೊಂಡು ಬಂದ ಕೆಲಸವನ್ನೆಲ್ಲ ಹಿಡಿದರು. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟದವರ ಸ್ಟಿಕ್ಕುಗಳು ನಮ್ಮಲ್ಲಿಗೆ ಬಂದದ್ದು ಹಾಗೆ. ಆ ಕೋಲಿಗೆ ಎರಡು ಭಾಗ. ಹಿಡಿಕೆಯ ತುದಿಯಿಂದ ಒಂದು ಉಕ್ಕಿನ ತಿರುಪು ಹೊರಗೆ ಚಾಚಿರುತ್ತದೆ, ಅದಕ್ಕೆ ಪಿನ್ ಎನ್ನುತ್ತೇವೆ. ಮೇಲಿನ ತುಂಡನ್ನು ಅದರ ಮೇಲಿಟ್ಟು ತಿರುಗಿಸಿದರೆ ಎರಡೂ ಸೇರಿ ಒಂದೇ ಕೋಲಾಗುತ್ತದೆ. ಪಿನ್ ಸಡಿಲವಾದರೆ ಚೆಂಡು ಹೊಡೆದಾಗಲೆಲ್ಲ ಕೈಗೆ ಕಟಕಟ ಎನ್ನುತ್ತದೆ. ಅದನ್ನು ಬಿಗಿ ಮಾಡುವುದು, ಬಾಗಿದ್ದರೆ ತೆಗೆದು ಹೊಸದು ಕೂರಿಸುವುದು ನಮ್ಮ ಕೆಲಸ. ಮದುವೆ ಮುರಿದು ನಾನು ತವರಿಗೆ ಬಂದ ಮೇಲೆ ಅಪ್ಪ ನನಗೂ ಕಲಿಸಿದರು.

ನಾಲ್ಕೈದು ವರ್ಷಕ್ಕೆ ಅಪ್ಪನ ಕೈ ನಡುಗತೊಡಗಿತು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಯಾರಾದರೂ ಕೇಳಿದರೆ ಬಿರುಬೇಸಿಗೆಯಲ್ಲೂ "ಚಳಿ" ಎನ್ನುತ್ತಿದ್ದರು. ಮನೆಯಲ್ಲಿ ಆ ಮಾತೆತ್ತುವಂತಿರಲಿಲ್ಲ.

ಒಂದು ದಿನ ಬೆಳಿಗ್ಗೆ ತೇವಾರಂನಿಂದ ಒಬ್ಬರು ಬಂದರು. ಬಾಳೆಕಾಯಿ ವ್ಯಾಪಾರದವರು, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ತಮಿಳಿನಲ್ಲಿ ಶುರು ಮಾಡಿದವರು, ನಾನೂ ಅಪ್ಪನೂ ಕನ್ನಡದಲ್ಲಿ ಮಾತಾಡಿಕೊಳ್ಳುವುದು ಕೇಳಿ ತಾವೂ ಕನ್ನಡಕ್ಕೇ ಬಂದರು; ಅವರ ಕಡೆ ನಮ್ಮ ಮಾತಿನವರು ಬಹಳ. ಉದ್ದನೆಯ ಚೀಲದಿಂದ ಸ್ಟಿಕ್ಕಿನ ಎರಡು ತುಂಡು ತೆಗೆದು ಮೇಜಿನ ಮೇಲಿಟ್ಟರು. ಪಿನ್ ಮರದ ಮಟ್ಟಕ್ಕೇ ಮುರಿದಿತ್ತು.

"ಇದು ಹೆಂಗೆ ಮುರೀತು ಮಾಮಾ?" ಎಂದು ಕೇಳಿದೆ.

"ಮಗ ಬೆನ್ನಿಗೆ ಹಾಕ್ಕೊಂಡು ಬೈಕಲ್ಲಿ ಬತ್ತಿದ್ದ ತಾಯಿ. ಕಂಬಂ ರೋಡಲ್ಲಿ ಲಾರಿ." ಎರಡು ತುಂಡನ್ನೂ ಒಂದರ ಪಕ್ಕ ಒಂದು ಸರಿಮಾಡಿಟ್ಟರು. ಆಮೇಲೆ, "ಮನೇಲಿ ಅವನವ್ವ ಇದನ್ನ ಮಡಿಲಲ್ಲಿ ಇಟ್ಕೊಂಡೇ ಕೂತಿದ್ಲು. ಎರಡು ತುಂಡಾಗಿ ಇರಬಾರದು, ಸೇರಿಸ್ಕೊಂಡು ಬಾ ಅಂತಾಳೆ" ಎಂದರು.

ಅಪ್ಪ ಎದ್ದು ನಿಂತು, "ನಾನೇ ಮಾಡ್ಕೊಡ್ತೀನಿ" ಎಂದರು.

ಮರದೊಳಗೆ ಮುರಿದುಳಿದ ಪಿನ್ ತೆಗೆಯುವುದು ಕೆಟ್ಟ ಕೆಲಸ. ಉಕ್ಕಿನ ಸರಿ ನಡುವೆ ಪಂಚ್ ಎನ್ನುವ ಚೂಪು ಮೊನೆಯ ಉಳಿಯಿಂದ ಒಂದು ಚುಕ್ಕೆ ಹೊಡೆದು, ಅಲ್ಲಿಂದಲೇ ಡ್ರಿಲ್ ಇಳಿಸಬೇಕು. ಚುಕ್ಕೆ ಕೂದಲೆಳೆಯಷ್ಟು ತಪ್ಪಿದರೂ ಡ್ರಿಲ್ ಗಟ್ಟಿ ಉಕ್ಕಿನಿಂದ ಜಾರಿ ಮೆತ್ತನೆಯ ಮರಕ್ಕೆ ನುಗ್ಗುತ್ತದೆ. ಅಪ್ಪ ಪಂಚ್ ಇಟ್ಟರು. ಅದರ ಮೊನೆ ಪಿನ್ನಿನ ಮೇಲೆಲ್ಲ ಓಡಾಡುತ್ತಿತ್ತು.

"ಅಪ್ಪಾ, ಚುಕ್ಕೆ ಒಂದು ನಾ ಹೊಡೀತೀನಿ."

"ನೀ ಹುಟ್ಟೋಕೆ ಮುಂಚೆ ಹಿಡಿದ ಕೈ ಇದು. ಅತ್ಲಾಗೆ ಹೋಗು."

ಹೋದೆ. ಲೇತ್ ತಿರುಗಿತು, ಒಂದು ನಿಮಿಷ ಸರಿಯಾಗಿಯೇ ಕೇಳಿಸಿತು, ಆಮೇಲೆ ಸೀಳಿದ ಸದ್ದು. ಡ್ರಿಲ್ಲಿನ ತುದಿ ಹಿಡಿಕೆಯ ಪಕ್ಕದಿಂದ ಹೊರಗೆ ಬಂದಿತ್ತು. ಅಲ್ಲಿಂದ ಹಿಡಿಕೆಯ ಬಾಯಿಯವರೆಗೂ ಕರಿಮರದಲ್ಲಿ ಬಿರುಕು. ಅಪ್ಪ ಮೆಷಿನ್ ನಿಲ್ಲಿಸಿ ಎರಡೂ ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಟೀ ಕುಡಿಯಲು ಹೋಗಿದ್ದ ತೇವಾರಂನವರು ಅಷ್ಟರಲ್ಲಿ ಬಾಗಿಲಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು, "ಇವಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ನೋಡಿ. ಕೆಡಿಸಿಬಿಟ್ಟಳು."

ಅವರು ನನ್ನ ಕಡೆ ತಿರುಗಿದರು. ಮೈ ಉರಿದುಹೋಯಿತು. ಅಪ್ಪ ನೆಲ ನೋಡುತ್ತಿದ್ದರು. "ಹೌದು ಮಾಮಾ, ನಂದೇ ತಪ್ಪು" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ, "ಇನ್ನು ಸೇರೋದೇ ಇಲ್ವಾ?" ಎಂದರು.

"ಕೆಟ್ಟಿರೋದನ್ನ ಕೊಯ್ದು ತೆಗೆದರೆ ಸೇರುತ್ತೆ. ಮೂರು ಅಂಗುಲ ಗಿಡ್ಡ ಆಗುತ್ತೆ."

"ಆಡೋಕೆ ಯಾರವ್ರೆ? ಕೊಯ್ಯಿ."

ಮರುದಿನ ಅಪ್ಪ ಅಂಗಡಿಗೆ ಬರಲಿಲ್ಲ. ಒಬ್ಬಳೇ ಕೊಯ್ದೆ, ಕೊಯ್ದ ತುದಿಯನ್ನು ಮಟ್ಟ ಮಾಡಿದೆ, ಹೊಸ ತೂತು ಕೊರೆದು ಅಂಟು ಹಾಕಿ ಪಿನ್ ಕೂರಿಸಿದೆ. ಹಿಡಿಕೆಯ ಬಾಯಿ ಮತ್ತೆ ಸೀಳದಂತೆ ಹಿತ್ತಾಳೆಯ ಬಳೆ ಕಡೆದು ಹಾಕಿದೆ. ಎರಡೂ ಭಾಗ ಸೇರಿಸಿ ಗಾಜಿನ ಮೇಲೆ ಉರುಳಿಸಿದರೆ ಎಲ್ಲೂ ಎಗರಲಿಲ್ಲ. ಅಷ್ಟು ನೇರವಾದ ಕೆಲಸ ನಾನು ಆವರೆಗೆ ಮಾಡಿರಲಿಲ್ಲ. ತೋರಿಸಲು ಯಾರೂ ಇರಲಿಲ್ಲ.

ತೇವಾರಂನವರು ಬಂದು ಸ್ಟಿಕ್ಕನ್ನು ನೆಲಕ್ಕೆ ಊರಿ ತಮ್ಮ ಎದೆಯ ಮಟ್ಟಕ್ಕೆ ಕೈಯಿಟ್ಟು ನೋಡಿದರು. "ಅವನು ನನಗಿಂತ ಉದ್ದ" ಎಂದರು. ಮತ್ತೆ ಬಿಚ್ಚಲಿಲ್ಲ. ಚೀಲಕ್ಕೆ ಹಿಡಿಸದ ಆ ಉದ್ದನೆಯ ಕೋಲನ್ನು ಹಾಗೇ ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟಾಂಡಿನ ಕಡೆ ನಡೆದರು.

ಅಪ್ಪ ಮತ್ತೆ ಲೇತ್ ಮುಟ್ಟಲಿಲ್ಲ. ಒಂದು ದಿನವಾದರೂ ನನ್ನನ್ನು ಕರೆದು ಏನಾದರೂ ಹೇಳುತ್ತಾರೆಂದು ಕಾದೆ. ಆದದ್ದು ಬೇರೆ. ಕೊಂಬೈಯಲ್ಲಿ ನೆಂಟರ ಮದುವೆಗೆ ಹೋದಾಗ ಊಟದ ಪಕ್ಕದ ಸಾಲಿನಲ್ಲಿ ಅಪ್ಪನ ಮಾತು ಕೇಳಿಸಿತು: "ಸತ್ತ ಹುಡುಗನ ಕೋಲು ಕೆಡಿಸಿದಳು ನಮ್ಮವಳು. ಅವತ್ತೇ ಅಂಗಡಿ ಸಾಕು ಅನ್ನಿಸಿತು." ದನಿಯಲ್ಲಿ ಸುಳ್ಳಿರಲಿಲ್ಲ. ಹೇಳಿ ಹೇಳಿ ಅದನ್ನೇ ನಂಬಿದ್ದರು.

ಆಮೇಲೆ ಎರಡು ವರ್ಷ ನಾನೇ ಅವರಿಗೆ ಉಣಿಸಿದೆ, ಸ್ನಾನ ಮಾಡಿಸಿದೆ. ಬಾಯಿಗೆ ತುತ್ತಿಡುವಾಗ ಒಂದೊಂದು ಸಲ, ಅವತ್ತು ಕೆಡಿಸಿದ್ದು ಯಾರು ಎಂದು ಕೇಳಿಬಿಡಬೇಕೆನ್ನಿಸುತ್ತಿತ್ತು. ಕೇಳಲಿಲ್ಲ. ಸಿಟ್ಟೂ ಹೋಗಲಿಲ್ಲ.

ಅಪ್ಪ ತೀರಿಕೊಂಡು ಹದಿನಾರನೆಯ ದಿನ ತಿಥಿಯ ಊಟ ಬಡಿಸುತ್ತಿದ್ದೆ. ಸೋದರತ್ತೆ ಎಲೆಯ ಮುಂದೆ ಕೂತು, "ಆ ಕೋಲಿನ ಕೊರಗಲ್ಲೇ ಅಣ್ಣ ಹೋದ. ನೀ ಸ್ವಲ್ಪ ಜೋಪಾನವಾಗಿ ಮಾಡಬಾರದಿತ್ತಾ?" ಎಂದರು.

"ಸಾರು ಹಾಕ್ಲಾ ಅತ್ತೆ?" ಎಂದು ಕೇಳಿ, ಹಾಕಿ, ಮುಂದಿನ ಎಲೆಗೆ ಹೋದೆ.