ಹಗೇವಿಗೆ ಮೊದಲು ಇಳಿದ ದೀಪ

ದೊಡ್ಡವ್ವನ ಬಲ ಹಿಮ್ಮಡಿ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಆ ಹಿಮ್ಮಡಿಯಿಂದ ನೆಲವನ್ನು ಧಪ್ಪೆಂದು ತುಳಿದು, ಕಿವಿಗೊಟ್ಟು ನಿಂತು, "ಇಲ್ಲಿ ಗಟ್ಟಿ ಐತಿ, ಮುಂದ ನಡೀರಿ" ಎನ್ನುವಳು.

ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನ ಹೊರಗೆ ಒಂದು ಹೊಲ ಲೇಔಟ್ ಆಗುವುದರಲ್ಲಿತ್ತು. ಅಲ್ಲಿ ಹಿಂದೆಂದೋ ಇದ್ದ ಹಳ್ಳಿಯ ಒಲೆಗುಂಡಿ, ಗೋಡೆಯ ತಳಪಾಯಗಳನ್ನು ಅಗೆದು ದಾಖಲಿಸಲು ನಮ್ಮ ತಂಡ ಬಂದಿತ್ತು. ನಾನು ನಕ್ಷೆ ಬರೆಯುವವನು. ದೊಡ್ಡವ್ವ ಅಗೆಯುವ ಆಳುಗಳ ಮುಂದಾಳು. ಗುಡಿಯಿಲ್ಲ, ಶಾಸನವಿಲ್ಲ, ಏನಿದೆ ಇಲ್ಲಿ ಎಂದು ನಾನು ಗೊಣಗಿದರೆ, "ದೇವ್ರು ಗುಡ್ಯಾಗ ಇದ್ದ ಯಪ್ಪಾ, ಮಂದಿ ಇಲ್ಲಿ ಇದ್ರು" ಎಂದಿದ್ದಳು.

ಕೊನೆಯ ದಿನ ಮಧ್ಯಾಹ್ನ ಆಕೆಯ ಹಿಮ್ಮಡಿಯಡಿ ನೆಲ ಡೊಳ್ಳಿನಂತೆ ದನಿಗೊಟ್ಟಿತು. ಮಣ್ಣು ಸರಿಸಿದರೆ ಚಪ್ಪಡಿ. ಎತ್ತಿದರೆ ಹಗೇವು, ಹಿಂದಿನವರು ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ನಾನು ಟೇಪು ಸೊಂಟಕ್ಕೆ ಸಿಕ್ಕಿಸಿ ಒಂದು ಕಾಲು ಒಳಗಿಟ್ಟೇ ಬಿಟ್ಟೆ. ಆಕೆ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು.

"ಮೊದ್ಲು ದೀಪ ಇಳೀಲಿ. ಆಮ್ಯಾಲ ನೀ."

"ಹೊತ್ತಿಲ್ಲ ದೊಡ್ಡವ್ವ, ನಾಳೆ ಮುಂಜಾನೆ ಬುಲ್ಡೋಜರ್ ಬರತೈತಿ."

"ಅದು ಮುಂಜಾನಿ ಬರತೈತಿ. ಜವರಾಯ ಈಗ್ಲೇ ಕೆಳಗ ಕುಂತಾನ."

ಹಗ್ಗಕ್ಕೆ ಕಂದೀಲು ಕಟ್ಟಿದಳು. "ಹಾಡಹಗಲ ಕಂದೀಲು! ಮುದುಕಿ ಕಣ್ಣು ಹೋದ್ವು" ಎಂದು ಆಳೊಬ್ಬ ನಕ್ಕ.

"ಹೌದಲೇ, ನಿನ್ನ ಮಾರಿ ಕಾಣವಲ್ದು. ಪುಣ್ಯ ಬಂತು."

ಆಳುದ್ದ ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದಳು, ಅಲ್ಲಿಯೇ ಆರಿತು. ನಕ್ಕವನು ಹಗೇವಿನ ಬಾಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ನಮ್ಮಣ್ಣ ಹಿಂಗ ಜ್ವಾಳ ತೆಗಿಯಾಕ ಇಳಿದಾವ, ಮ್ಯಾಲ ಬರ್ಲಿಲ್ಲ" ಎಂದಳು, ನನ್ನ ಕಡೆ ನೋಡದೆ.

ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ, ಸಂಜೆಯವರೆಗೂ ಏರಿಸಿ ಇಳಿಸಿ ಒಳಗೆ ಕಟ್ಟಿಕೊಂಡಿದ್ದ ಕೆಟ್ಟ ಗಾಳಿ ಕದಡಿದಳು. ಬೆಳಿಗ್ಗೆ ದೀಪ ತಳ ಮುಟ್ಟಿಯೂ ಉರಿಯಿತು. ನಾನು ಇಳಿದೆ. ಅಷ್ಟರಲ್ಲಿ ಬುಲ್ಡೋಜರೂ ಬಂತು. ದೊಡ್ಡವ್ವ ಎಲೆಯಡಿಕೆ ಚೀಲ ಬಿಚ್ಚಿ ಹಗೇವಿನ ಬಾಯಿಯ ಪಕ್ಕ ಕೂತಳು. "ನಮ್ಮ ಹುಡುಗ ಕೆಳಗ ಅದಾನ. ಬರಕೊಂಡು ಬರ್ಲಿ, ತಡೀರಿ." ಗೋಡೆಗೆ ಅಂಟಿದ್ದ ಹುಲ್ಲಿನ ಎಸಳನ್ನೂ ಬಿಡದೆ ಬರೆದು ನಾನು ಮೇಲೆ ಬರುವವರೆಗೆ ಆಕೆ ಅಲ್ಲಾಡಲಿಲ್ಲ.

ಆ ನಕ್ಷೆಯಲ್ಲಿ ಹಗೇವಿನ ಬಾಯಿಂದ ಆಳುದ್ದ ಕೆಳಗೆ ಒಂದು ಗೆರೆ ಎಳೆದು 'ಇಲ್ಲಿ ದೀಪ ಆರಿತು' ಎಂದು ಬರೆದೆ. ಇದೆಂಥ ಅಳತೆ, ಅಳಿಸು ಎಂದರು ಮೇಲಧಿಕಾರಿಗಳು. ಅಳಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ದೊಡ್ಡವ್ವ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾನು ಹಡಗಲಿ ಕಡೆ ಇನ್ನೊಂದು ಹಗೇವಿನ ಬಾಯಲ್ಲಿ ನಿಂತಿದ್ದೆ. ತಂಡಕ್ಕೆ ಹೊಸದಾಗಿ ಬಂದವನೊಬ್ಬ ಟಾರ್ಚ್ ಹಿಡಿದು ಇಳಿಯುವುದರಲ್ಲಿದ್ದ. ಅವನ ಕೊರಳಪಟ್ಟಿಗೆ ಕೈ ಹಾಕಿದೆ.

"ಟಾರ್ಚು ಆರೂದಿಲ್ಲಪ್ಪ," ಎಂದೆ. "ಮೊದ್ಲು ದೀಪ ಇಳೀಲಿ. ಆಮ್ಯಾಲ ನೀ."