ಎರಡನೆಯ ಏಟು ಮಾತ್ರ ನನ್ನದು

೧೯೯೬ನೆಯ ಇಸವಿ ಮಾರ್ಚ್ ೧೪, ಗುರುವಾರ. ಚಳಿಗಾಲ ಮುಗಿಯಲೊಲ್ಲದೆ, ಸಮುದ್ರದ ಕಡೆಯಿಂದ ಹಿಮ ಬೆರೆತ ಮಳೆ ಬೀಸುತ್ತಿತ್ತು. ಇಂಗ್ಲೆಂಡಿನ ಈಶಾನ್ಯದ ನಮ್ಮ ನ್ಯಾಯಾಲಯದಲ್ಲಿ ಅದು ನನ್ನ ಗುಮಾಸ್ತಿಕೆಯ ಇಪ್ಪತ್ತಾರನೆಯ ವರ್ಷ. ಕಟಕಟೆಯಲ್ಲಿದ್ದವಳು ನೋರಾ ಟೆಲ್ಫರ್: ಅರವತ್ತೊಂದು ವಯಸ್ಸು, ಗಣಿ ಕಾರ್ಮಿಕನ ವಿಧವೆ, ಲೀಕ್ ಬೆಳೆಗಾರ್ತಿ.

ಲೀಕ್ ಈರುಳ್ಳಿಯ ದಾಯಾದಿ. ನಮ್ಮ ಗಣಿ ಊರುಗಳಲ್ಲಿ ಯಾರ ಲೀಕ್ ಹೆಚ್ಚು ದಪ್ಪವೆಂದು ವರ್ಷವರ್ಷ ಸ್ಪರ್ಧೆ ನಡೆಯುತ್ತದೆ, ಅದು ಮಾನದ ಪ್ರಶ್ನೆ. ಸ್ಪರ್ಧೆಗೆ ಮುನ್ನ ಎದುರಾಳಿಯ ಗಿಡಗಳನ್ನು ಕೊಯ್ದು ಹಾಳುಮಾಡುವವರೂ ಉಂಟು. ೧೯೯೫ರ ಸೆಪ್ಟೆಂಬರ್ ೧೬, ಸ್ಪರ್ಧೆಯ ಮುಂಜಾನೆ, ಗಿಲ್ಬರ್ಟ್ ಹೆಡ್ಲಿ ಎಂಬ ಎದುರಾಳಿ ಬೆಳೆಗಾರ ನೋರಾಳ ಪಾತಿಯೊಳಗೆ ಸಿಕ್ಕಿಬಿದ್ದ. ಅವಳು ಸಲಿಕೆಯಿಂದ ಎರಡು ಏಟು ಕೊಟ್ಟಳು: ಒಂದು ಮಣಿಕಟ್ಟಿಗೆ, ಒಂದು ಹಿಂದಲೆಗೆ.

ಘೋರ ಗಾಯ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಆದರೆ ಗಾಯ ಮಾಡಿದ್ದು ಅಪರಾಧವೇ ಎಂದು ಜ್ಯೂರಿ ತೀರ್ಮಾನಿಸಿತ್ತು. ಆ ಹನ್ನೆರಡು ಮಂದಿ ಕಾರಣ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಡೆದದ್ದು ಹೇಗೆಂಬುದನ್ನು, ಅವರ ತೀರ್ಮಾನಕ್ಕೆ ಭಂಗ ಬಾರದಂತೆ, ನ್ಯಾಯಾಧೀಶರೇ ನಿರ್ಧರಿಸಿ ಶಿಕ್ಷೆ ಕೊಡಬೇಕು; ಅಂದು ನಡೆಯುತ್ತಿದ್ದುದು ಅದೇ. ಆರೋಪಿಗೆ ಕೆಡುಕಾಗುವ ಸಂಗತಿಯಾದರೆ ಅವರಿಗೆ ಎಳ್ಳಷ್ಟೂ ಸಂದೇಹ ಉಳಿದಿರಬಾರದು.

ಬರಿಗೈಯಲ್ಲಿ ಬಂದ ಹೆಡ್ಲಿಯನ್ನು ಅವಳು ಹಿಂದಿನಿಂದ ಬಂದು ಹೊಡೆದಳೆಂಬುದು ಸರ್ಕಾರಿ ವಕೀಲರ ವಾದ. ಅದು ನಿಜವೆಂದಾದರೆ ಜೈಲು ಖಚಿತ.

"ಪಶ್ಚಾತ್ತಾಪ ಆಗಿದೆ ಅಂತ ಒಂದು ಮಾತು ಹೇಳಿಬಿಡಿ, ಮಿಸೆಸ್ ಟೆಲ್ಫರ್," ಎಂದು ಅವಳ ವಕೀಲೆ ಪಿಸುಗುಟ್ಟಿದಳು.

"ಯಾವುದಕ್ಕೆ ಮಗಳೇ? ಚಾಕು ಹಿಡ್ಕೊಂಡು ಬಂದೋನಿಗೆ ಚಹಾ ಕೊಡ್ಬೇಕಿತ್ತಾ?"

ಸರ್ಕಾರಿ ವಕೀಲರು ಮುಂದುವರಿಸಿದರು: "ಈಕೆ ಪಾತಿಯನ್ನು ದಾಟಿ, ಸದ್ದಿಲ್ಲದೆ ಅವನ ಬೆನ್ನ ಹಿಂದೆ ಬಂದರು."

"ಪಾತಿ ದಾಟಿ? ನನ್ನ ಪಾತಿ ತುಳ್ಕೊಂಡಾ?" ನೋರಾ ಎದ್ದು ನಿಂತಳು. "ಹದಿನಾಲ್ಕು ವರ್ಷದಿಂದ ಹಲಗೆ ಬಿಟ್ಟು ಆ ಮಣ್ಣಿಗೆ ಕಾಲಿಟ್ಟಿಲ್ಲ ಕಣಯ್ಯಾ! ಬೇಕಾದ್ರೆ ನನ್ನ ಗಂಡನ ಗೋರಿ ಮೇಲೆ ನಡೀತೀನಿ. ಅವನೇನೂ ಅಂದ್ಕೊಳ್ಳಲ್ಲ."

"ಸುಮ್ಮನಿರಮ್ಮ," ಎಂದ ಜವಾನ.

"ಇಷ್ಟು ದಿನ ಸುಮ್ನಿದ್ದಿದ್ದಕ್ಕೇ ಇವರ ಬಾಯಿ ಇಷ್ಟುದ್ದ ಆಗಿರೋದು."

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು. "ಎರಡನೆಯ ಏಟು?"

"ಅದು ನಂದೇ, ಸ್ವಾಮಿ. ಮೊದಲ್ನೇ ಏಟಿಗೆ ಚಾಕು ಬಿತ್ತು. ತಿರುಗಿ ಓಡೋಕೆ ಹೊರಟ, ಬುರುಡೆಗೆ ಬಿಟ್ಟೆ. ತಪ್ಪು. ಶಿಕ್ಷೆ ಕೊಡಿ. ಆದ್ರೆ ಕದ್ದು ಹಿಂದಿನಿಂದ ಬಂದೆ ಅಂತ ಮಾತ್ರ ಬರೀಬೇಡಿ."

ಅವರು ಪೊಲೀಸರ ಏಳನೆಯ ಛಾಯಾಚಿತ್ರವನ್ನು ಕೇಳಿದರು, ಎತ್ತಿಕೊಟ್ಟವನು ನಾನೇ. ನಯವಾಗಿ ಕೆರೆದ ಮಣ್ಣಿನಲ್ಲಿ ಒಂದೇ ಜೊತೆ ಬೂಟಿನ ಗುರುತು, ಹೆಡ್ಲಿಯದು. ಅವಳು ಕಾಲಿಡುವ ಹಲಗೆ ಇದ್ದುದು ಪಾತಿಯ ಮುಂದಿನ ಅಂಚಿನಲ್ಲಿ, ಬೂಟಿನ ತುದಿಗಳು ಅದರತ್ತ ಮುಖ ಮಾಡಿದ್ದವು. ಅವನ ಬೆನ್ನ ಹಿಂದಿನ ಮಣ್ಣನ್ನು ಬೇರಾರೂ ತುಳಿದಿರಲಿಲ್ಲ. ಗುರುತಿನ ಪಕ್ಕದಲ್ಲೇ ಎರಡು ಲೀಕ್ ಗಿಡ, ಚಾಕುವಿನಿಂದ ನೇರವಾಗಿ ಕೊಯ್ದದ್ದು.

ಇಪ್ಪತ್ತು ನಿಮಿಷಗಳ ನಂತರ ನ್ಯಾಯಾಧೀಶರು ನಿರ್ಣಯ ಓದಿದರು: ಮೊದಲನೆಯ ಏಟು ಎದುರಿನಿಂದ, ಚಾಕುವಿಗೆ ಉತ್ತರವಾಗಿ, ಅಪರಾಧ ಎರಡನೆಯದು ಮಾತ್ರ. ಶಿಕ್ಷೆ, ನೂರಿಪ್ಪತ್ತು ಗಂಟೆಗಳ ಸಮಾಜಸೇವೆ.

"ವಿಷಾದವೇನಾದರೂ ಇದೆಯೆ?"

"ಎರಡು ಗಿಡ ಹೋಯ್ತಲ್ಲ ಸ್ವಾಮಿ, ಅದಕ್ಕೆ."

ನೋರಾ ಶಾಲೆಯ ಕಬ್ಬಿಣದ ಬೇಲಿಗೆ ಬಣ್ಣ ಬಳಿದು ೧೯೯೬ರ ಆಗಸ್ಟ್ ೩೦ರಂದು ಗಂಟೆಗಳನ್ನು ಪೂರೈಸಿದಳು. ಸೆಪ್ಟೆಂಬರ್ ೨೧ರ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದಳು. ಬೆಳೆಗಾರರ ಸಂಘ ಹೆಡ್ಲಿಯ ಹೆಸರು ತೆಗೆದುಹಾಕಿತು. ನೋರಾ ೨೦೦೪ರ ಫೆಬ್ರವರಿ ೯ರಂದು ತೀರಿಕೊಂಡಳು. ಆ ಪಾತಿಯನ್ನು ಈಗ ಅವಳ ಸೊಸೆ ನೋಡಿಕೊಳ್ಳುತ್ತಾಳೆ, ಹಲಗೆ ಅದೇ.