ಕರಿಯಾಕೋ, ಕೊಡಾಕೋ?

ನಾನು ಚಿಕ್ಕವನಿದ್ದಾಗ ಒಂದೇ ಒಂದು ಮಾತು ಹೇಳಿ ಬಾ ಎಂದು ನನ್ನನ್ನು ಅಕ್ಕನ ಊರಿಗೆ ಕಳಿಸಿದ್ದರು. ನಾನು ಆ ಮಾತು ಹೇಳಲಿಲ್ಲ. ಮರೆತುಹೋಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಮಕ್ಕಳೇ, ನೀವು ನನ್ನನ್ನು ಒಳ್ಳೆಯ ಅಜ್ಜ ಎಂದು ತಿಳಿದಿದ್ದೀರಿ. ಇದನ್ನೂ ತಿಳಿದುಕೊಳ್ಳಿ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ, ಬರೆಯುವ ರೂಢಿಯಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಆಗ ನನಗೆ ಹನ್ನೊಂದು ವರ್ಷ. ನಾವು ಇದೇ ದೊಡವಾಡದಲ್ಲಿ, ಊರ ಕೆಳಗಿನ ಓಣಿಯಲ್ಲಿದ್ದೆವು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ಮಲಪ್ರಭೆಯ ದಂಡೆಯ ಮನೋಳಿಗೆ ಕೊಟ್ಟಿದ್ದರು. ಅವಳ ಗಂಡುಕೂಸಿಗೆ ಆ ಶ್ರಾವಣದಲ್ಲಿ ವರ್ಷ ತುಂಬುವುದಿತ್ತು. ನಮ್ಮ ಮನೆಯಲ್ಲೇ ಹುಟ್ಟಿ ಐದು ತಿಂಗಳು ಇದ್ದು ಹೋದ ಕೂಸು ಅದು. ಹೋಗುವಾಗ ಮಲಗಿದಲ್ಲೇ ಕೈಕಾಲು ಆಡಿಸುತ್ತಿತ್ತು. ಈಗ ಗೋಡೆ ಹಿಡಿದು ನಡೆಯುತ್ತದಂತೆ ಎಂದು ಯಾರೋ ಬಂದು ಹೇಳಿದರು. ಅದನ್ನು ಕೇಳಿದಾಗಿನಿಂದ ಅವ್ವನಿಗೆ ಒಂದೇ ಧ್ಯಾನ. ಪಂಚಮಿಗೆ ಅಕ್ಕ ಬರಬೇಕು, ಕೂಸು ನಮ್ಮ ಪಡಸಾಲೆಯಲ್ಲಿ ನಡೆಯಬೇಕು.

ನಮ್ಮ ಕಡೆ ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ತಮ್ಮನೋ ಅಣ್ಣನೋ ಹೋಗುತ್ತಾನೆ. ಸುಮ್ಮನೆ ಹೋಗಿ ನಿಂತರೆ ಆಗದು. ಉಂಡಿಯ ಗಂಟನ್ನು ಅವಳ ಅತ್ತೆಯ ಮುಂದೆ ಇಟ್ಟು, ‘ಕರಿಯಾಕ ಬಂದೇನ್ರಿ’ ಎಂದು ಬಾಯಿಬಿಟ್ಟು ಹೇಳಬೇಕು. ತವರಿನಲ್ಲಿ ಸಾವೋ ಸೂತಕವೋ ಆಗಿ, ಆ ವರ್ಷ ಮಗಳು ಬರುವುದು ಬೇಡ ಎಂದಿದ್ದರೆ, ಅದೇ ಗಂಟನ್ನು ಇಟ್ಟು ‘ಕೊಡಾಕ ಬಂದೇನ್ರಿ’ ಎನ್ನುತ್ತಾರೆ. ಹಬ್ಬ ಅಲ್ಲೇ ಮಾಡಿಕೊಳ್ಳಿರಿ ಎಂದು ಅದರ ಅರ್ಥ. ಗಂಟು ಒಂದೇ, ಉಂಡಿಯೂ ಅವೇ. ಹೇಳುವ ಮಾತಿನಲ್ಲಿ ಎಲ್ಲವೂ ಇರುತ್ತದೆ.

ರೊಟ್ಟಿ ಹಬ್ಬದ ದಿನ, ಅಂದರೆ ನಾಗಚೌತಿಯ ಹಿಂದಿನ ದಿನ, ಬೆಳಿಗ್ಗೆ ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಬೆಲ್ಲದ ಪಾಕದ ವಾಸನೆ ಇನ್ನೂ ಅವಳ ಸೀರೆಯಲ್ಲಿತ್ತು. ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, “ಏನಂತೀ? ಅಂದು ತೋರಸು” ಎಂದಳು.

“ಕರಿಯಾಕ ಬಂದೇನ್ರಿ.”

“ಜೋರ ಅನ್ನೋ. ನಿಮ್ಮಕ್ಕನ ಅತ್ತೀಗೆ ಕಿವಿ ಮಂದ. ಬೈಯೂದು ಅಷ್ಟ ಛಂದ ಕೇಳಸ್ತೈತಿ ಆಕೀಗೆ.”

ಅಪ್ಪ ನಗುತ್ತ ನನ್ನನ್ನು ಬಸ್ಸಿನವರೆಗೆ ಬಿಟ್ಟು, ಕಂಡಕ್ಟರನಿಗೆ ಹೇಳಿ, ಬೆಳೆಯ ಸಾಲಿನಲ್ಲಿ ಎಡೆ ಹೊಡೆಯಲು ಹೊಲಕ್ಕೆ ಹೋದ.

ನನ್ನ ಮನಸ್ಸು ಮಾತ್ರ ನಮ್ಮ ಓಣಿಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಹುಡುಗರ ಲಿಂಬೆಹಣ್ಣಿನ ಪಂದ್ಯ. ಹನುಮಪ್ಪನ ಗುಡಿಯಿಂದ ಎಸೆಯುತ್ತ ಹೋಗಿ, ಇಪ್ಪತ್ತು ಎಸೆತದೊಳಗೆ ಹಳ್ಳ ಮುಟ್ಟಿಸಬೇಕು. ನಮ್ಮ ಓಣಿಯ ಪರವಾಗಿ ಎಸೆಯುವವನು ನಾನೇ. ಹದಿನೈದು ದಿನ ಎಸೆದು ಎಸೆದು ನನ್ನ ತೋಳು ಬಾತಿತ್ತು. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗಲೂ ಚೊಣ್ಣದ ಕಿಸೆಯಲ್ಲಿ ಒಂದು ಲಿಂಬೆಹಣ್ಣು ಹಿಡಿದುಕೊಂಡಿದ್ದೆ.

ಮನೋಳಿ ಮುಟ್ಟಿದಾಗ ಜಿಟಿಜಿಟಿ ಮಳೆ. ಅಕ್ಕನ ಮನೆಯ ಒಳಗೆಲ್ಲ ಸಜ್ಜೆ ರೊಟ್ಟಿಯ ಬಿಸಿ ವಾಸನೆ, ಹುರಿದ ಎಳ್ಳಿನ ವಾಸನೆ. ಪಡಸಾಲೆಯಲ್ಲಿ ಅಕ್ಕನ ಗಂಡ ಕಾಲು ಚಾಚಿ ಕುಳಿತಿದ್ದ. ಅವನನ್ನು ನಾನು ಮಾವ ಎನ್ನುತ್ತಿದ್ದೆ. ಅವನು ಕೊಬ್ಬರಿ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ, ಎರಡೂ ಕೈಯಿಂದ ಎಳೆದು ಗುಂಯ್ ಗುಂಯ್ ಎಂದು ತಿರುಗಿಸುತ್ತಿದ್ದ. ಅವನ ಕಾಲುಗಳ ನಡುವೆ ನಿಂತ ಕೂಸು ಒಂದು ಕೈಯಲ್ಲಿ ಅವನ ಮೊಣಕಾಲು ಹಿಡಿದು, ಇನ್ನೊಂದು ಕೈಯಲ್ಲಿ ಖಡಕ್ ರೊಟ್ಟಿಯ ಚೂರು ಕಚ್ಚುತ್ತಿತ್ತು. ಇದ್ದದ್ದು ನಾಲ್ಕು ಹಲ್ಲು. ಗದ್ದದ ಮೇಲೆಲ್ಲ ಎಳ್ಳು. ಬಟ್ಟಲು ಗುಂಯ್ ಎಂದಾಗಲೆಲ್ಲ ರೊಟ್ಟಿ ಬಿಟ್ಟು ನಗುತ್ತಿತ್ತು. ಅಕ್ಕ ಬಿದ್ದ ಚೂರನ್ನು ಎತ್ತಿ ಕೊಡುತ್ತ, ತಾನೂ ನಗುತ್ತಿದ್ದಳು. ಅವಳ ಬೆನ್ನ ಹಿಂದೆ ಗೋಡೆಗೆ ಒಂದು ಗಂಟು ಆನಿಸಿತ್ತು. ತವರಿಗೆ ಹೊರಡಲು ಬಟ್ಟೆ ಕಟ್ಟಿ ಇಟ್ಟಿದ್ದಳು. ಇನ್ನೂ ಯಾರೂ ಕರೆದಿರಲಿಲ್ಲ.

“ಓಹೋ! ಸಣ್ಣ ಬೀಗರು ಬಂದ್ರು, ಜಮಖಾನಿ ಹಾಸ್ರಿ!” ಎಂದು ಮಾವ ಕೂಗಿದ. ನನ್ನ ಮೇಲ್ದುಟಿ ಹಿಡಿದು ನೋಡಿ, “ಮೀಸಿ ಬಂದಿಲ್ಲಲ್ಲೋ ಇನ್ನಾ! ಮೀಸಿ ಇಲ್ಲದ ಬೀಗರ ಸಂಗಾಟ ನಾವು ಹೆಂಡ್ತೀನ ಕಳಸಂಗಿಲ್ಲಪಾ” ಎಂದ.

“ಸುಮ್ಮನಿರ್ರಿ, ಪಾಪ, ನೆನದು ಬಂದೈತಿ” ಎಂದು ಅಕ್ಕ ಸೆರಗಿನಿಂದ ನನ್ನ ತಲೆ ಒರೆಸಿದಳು. ಕೂಸಿನ ಕೈಯನ್ನು ನನ್ನ ಕೈಯಲ್ಲಿ ಇಟ್ಟಳು. “ಮಾಮಾ ಬಂದಾನ ನೋಡು. ನಾಳೆ ಎಲ್ಲಿಗೆ ಹೋಗೋದು ನಾವು? ನಮ್ಮವ್ವನ ಮನಿಗೆ, ಆಯೀ ಊರಿಗೆ!”

ನಾಳೆ. ಇವತ್ತೇ ತಿರುಗಿ ಹೋಗಬಹುದು ಎಂದು ಆಸೆಪಟ್ಟಿದ್ದ ನನಗೆ ಆ ಮಾತು ಚುಚ್ಚಿತು. ಮಾವನೂ ಅದನ್ನೇ ಅಂದ. “ರೊಟ್ಟಿ ಹಬ್ಬದ ದಿನ ಮನೀ ಸೊಸಿ ಹೊಸ್ತಿಲಾ ದಾಟಬಾರದಂತ ನಮ್ಮವ್ವ ಹಟಾ ಹಿಡಿತಾಳ. ಇವತ್ತ ಉಂಡು ಆಡು. ನಾಳೆ ಹನ್ನೊಂದರ ಬಸ್ಸಿಗೆ ಮೂರೂ ಮಂದಿ ಹೋಗೀರಂತ.”

ಹನ್ನೊಂದರ ಬಸ್ಸು ಎಂದರೆ ನಮ್ಮ ಊರು ಮುಟ್ಟುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ನನ್ನ ಬದಲು ಬೇರೆ ಯಾರೋ ಎಸೆದಿರುತ್ತಾರೆ.

ಅಡುಗೆಮನೆಯಲ್ಲಿ ಅಕ್ಕನ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಗಂಟು ಇಟ್ಟು ಕೈಮುಗಿದೆ. ಆಕೆ ಹೆಂಚಿನಿಂದ ಕಣ್ಣು ತೆಗೆಯದೆ, ಕೇಳಲೇಬೇಕಾದ ಶಾಸ್ತ್ರದಂತೆ ಕೇಳಿದಳು.

“ಏನಪಾ, ಕರಿಯಾಕ ಬಂದಿಯೋ, ಕೊಡಾಕ ಬಂದಿಯೋ?”

“ಕೊಡಾಕ” ಎಂದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಏನಂದಿ?”

ಈಗಲೂ ತಿದ್ದಿಕೊಳ್ಳಬಹುದಿತ್ತು. ಕಿವಿ ಮಂದವಿದ್ದುದರಿಂದ ನನಗೆ ಎರಡನೆಯ ಅವಕಾಶ ಸಿಕ್ಕಿತ್ತು. ಅವ್ವ ಹೇಳಿಕೊಟ್ಟಷ್ಟೇ ಜೋರಾಗಿ ಹೇಳಿದೆ: “ಕೊಡಾಕ ಬಂದೇನ್ರಿ.”

ಪಡಸಾಲೆಯಲ್ಲಿ ಕೊಬ್ಬರಿ ಬಟ್ಟಲಿನ ಸದ್ದು ನಿಂತಿತು. ಕೂಸು ಮಾತ್ರ ಇನ್ನೂ ಆಡಿಸು ಎಂದು ಕಿರುಚುತ್ತಿತ್ತು. ಅತ್ತೆ ಗಂಟನ್ನು ಒಂದು ಕೈಯಿಂದ ಬದಿಗೆ ಸರಿಸಿ, “ಛಲೋ ಆತು. ವರ್ಷದ ಕೂಸಿನ ಮೊದಲನೇ ಪಂಚಮಿ, ಉಂಡಿ ಕೊಟ್ಟು ಕೈ ತೊಳಕೊಂಡ್ರು” ಎಂದಳು.

ನಾನು ಅರ್ಧ ರೊಟ್ಟಿ ತಿಂದು, ಅಂದೇ ತಿರುಗುವ ಬಸ್ಸಿಗೆಂದು ಎದ್ದೆ. ಅಕ್ಕ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲವರೆಗೆ ಬಂದಳು.

“ಅವ್ವಗ ಆರಾಮ ಐತಿಲ್ಲೋ?”

“ಐತಿ.”

“ಮನ್ಯಾಗ ಯಾರರ ತೀರಕೊಂಡಾರೇನ?”

“ಇಲ್ಲ.”

“ಮತ್ತ ಯಾಕ?” ಎಂದಳು. ನಾನು ನೆಲ ನೋಡಿದೆ. ಕೂಸು ನನ್ನ ಕಡೆ ಕೈ ಚಾಚಿ ಜಗ್ಗುತ್ತಿತ್ತು. ಅವಳು ಅದರ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ಸಂಜೆ ನಾನು ಮನೆಗೆ ಬಂದಾಗ ಅವ್ವ ಪಡಸಾಲೆಯ ತೊಲೆಗೆ ತನ್ನ ಹಳೆಯ ಸೀರೆಯಿಂದ ಸಣ್ಣ ಜೋಕಾಲಿ ಕಟ್ಟಿದ್ದಳು. ಕೂಸಿನ ಭಾರ ತಡೆಯುತ್ತದೋ ಇಲ್ಲವೋ ಎಂದು ನೋಡಲು ರುಬ್ಬುವ ಗುಂಡಕಲ್ಲನ್ನು ಅದರಲ್ಲಿ ಕೂರಿಸಿ ತೂಗುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಿದಳು.

“ನಾಳೆ ಬರಬೇಕಾದಂವ ಇವತ್ತ್ಯಾಕ ಬಂದಿ? ಒಬ್ಬನ ಬಂದ್ಯಾ?”

ಒಂದು ಸುಳ್ಳು ಹೇಳಿದವನಿಗೆ ಇನ್ನೊಂದು ಬೇಕೇ ಬೇಕು. “ಕಳಸಂಗಿಲ್ಲ ಅಂದ್ರು” ಎಂದೆ.

“ಯಾರು ಅಂದ್ರು?” ಅಪ್ಪ ಹೊರಗಿನಿಂದಲೇ ಕೇಳಿದ.

“ಅಕ್ಕನ ಅತ್ತಿ.”

“ಯಾಕಂತ?”

“ಗೊತ್ತಿಲ್ಲ.”

ಅಪ್ಪ ಕಾಲಿನ ಕೆಸರು ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಬಂದ. “ಕೂಸಿನ ಮಾರಿ ತೋರಸಾಕ ಒಲ್ಲೆ ಅಂದವರ ಬಾಗಲಿಗೆ ಇನ್ನ ನಮ್ಮ ಮನೀ ಮಂದಿ ಹೋಗಬಾರದು” ಎಂದ. ಅವ್ವ ಗುಂಡಕಲ್ಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ಒಯ್ದು ಒರಳಿನಲ್ಲಿ ಇಟ್ಟಳು. ಬಂದು ಜೋಕಾಲಿಯ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಕಟ್ಟಿದ್ದಳು, ಬೇಗ ಬಿಚ್ಚಲಿಲ್ಲ.

ಮರುದಿನ ನಾನು ಹತ್ತೊಂಬತ್ತನೆಯ ಎಸೆತಕ್ಕೆ ಹಳ್ಳ ಮುಟ್ಟಿಸಿದೆ. ಹುಡುಗರು ಹೆಗಲ ಮೇಲೆ ಹೊತ್ತು ಕುಣಿದರು. ಸಂತೋಷವಾಗಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಆಯಿತು. ಮಧ್ಯಾಹ್ನದವರೆಗೆ ಇತ್ತು. ಮಧ್ಯಾಹ್ನ ಅವ್ವ ನಾಗಪ್ಪನಿಗೆ ಹಾಲೆರೆಯುವಾಗ, ಅಪ್ಪನ ಪಾಲು, ನನ್ನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಎರೆದಳು. ಅಕ್ಕನ ಪಾಲು, ಮಾವನ ಪಾಲು ಎಂದಳು. ಕೂಸಿನ ಪಾಲು ಎನ್ನುವಾಗ ಬಟ್ಟಲಿನಲ್ಲಿ ಹಾಲು ಮುಗಿದಿರಲಿಲ್ಲ, ಆದರೂ ಕೈ ಅಲ್ಲೇ ನಿಂತಿತು.

ಆಗ ಹೇಳಬಹುದಿತ್ತು. ಹೇಳಿದರೆ ಅಪ್ಪ ಎರಡು ಏಟು ಹೊಡೆದು ಮುಂದಿನ ಬಸ್ಸಿಗೆ ತಾನೇ ಹೋಗುತ್ತಿದ್ದ. ಎರಡು ಏಟಿಗೆ ಹೆದರಿದೆ. ಮರುವರ್ಷದ ಪಂಚಮಿಗೆ ಯಾರನ್ನೂ ಕಳಿಸಲಿಲ್ಲ. ಅಲ್ಲಿಂದಲೂ ಯಾರೂ ಬರಲಿಲ್ಲ. ಕರೆಯಲಿಲ್ಲ ಎಂದು ಅವರಿಗೆ ಸಿಟ್ಟು, ಕಳಿಸಲಿಲ್ಲ ಎಂದು ಇವರಿಗೆ ಸಿಟ್ಟು. ಎರಡೂ ಮನೆಯವರು ಮರ್ಯಾದೆಯವರು. ಕೇಳಿದರೆ ತಮ್ಮ ಮಾನ ಹೋಗುತ್ತದೆ ಎಂದು ಕೇಳಲೇ ಇಲ್ಲ. ಒಮ್ಮೆ ಬೈಲಹೊಂಗಲದ ಸಂತೆಯಲ್ಲಿ ಮನೋಳಿಯ ಬಸ್ಸಿನ ಕಂಡಕ್ಟರ ನನ್ನ ಗುರುತು ಹಿಡಿದು, “ನಿಮ್ಮಕ್ಕ ಕೇಳ್ಯಾಳಪಾ, ಅವ್ವಗ ನನ್ನ ಮ್ಯಾಲ ಯಾಕ ಸಿಟ್ಟು ಅಂತ” ಎಂದ. ಆ ಮಾತನ್ನೂ ನಾನು ಮನೆಗೆ ಮುಟ್ಟಿಸಲಿಲ್ಲ.

ಮೂರನೆಯ ವರ್ಷ ಸುಗ್ಗಿಯಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಹಬ್ಬಕ್ಕಾದರೆ ಕರೆಯಬೇಕು, ಮಣ್ಣಿಗೆ ಕರೆಯಬೇಕಾಗಿಲ್ಲ. ಅಕ್ಕ ತಾನಾಗಿಯೇ ಬಂದಳು. ಅವಳ ಕೈ ಹಿಡಿದು ಬಂದ ನಾಲ್ಕು ವರ್ಷದ ಹುಡುಗ ಅವ್ವನ ಮುಖ ನೋಡಿ, “ಯವ್ವಾ, ಇವರ್ಯಾರು?” ಎಂದು ಕೇಳಿದ.

ಅಪ್ಪ ತೀರಿದ ಮೇಲೆ ನಾನೇ ಪ್ರತಿವರ್ಷ ಕರೆಯಲು ಹೋದೆ. ಜೋರಾಗಿ, ಬಾಯಿತುಂಬ ಕರೆದೆ. ಅಕ್ಕ ನನಗೆ ರೊಟ್ಟಿ ಬಡಿದು ಹಾಕಿದಳು, ಬೆಣ್ಣೆ ಹಾಕಿದಳು, ಬರಲಿಲ್ಲ. “ಕರೀಬೇಕಾದಾಕಿ ಕರೀಲಿಲ್ಲ ತಮ್ಮಾ. ಈಗ ಯಾರ ಮನಿಗೆ ಅಂತ ಬರ್ಲಿ?” ಎನ್ನುತ್ತಿದ್ದಳು. ಆಗಲೂ ನಾನು ಬೆಣ್ಣೆ ರೊಟ್ಟಿ ತಿಂದು ಸುಮ್ಮನೆ ಬಂದೆ. ಐವತ್ತಕ್ಕೂ ಹೆಚ್ಚು ಪಂಚಮಿ ಹೀಗೆ ಹೋದವು.

ಈ ಶ್ರಾವಣದಲ್ಲಿ ನಿಮ್ಮ ತಂಗಿಗೆ ವರ್ಷ ತುಂಬಿತು. ಅವಳ ಮೊದಲ ಪಂಚಮಿಗೆ ರಾಮದುರ್ಗದಿಂದ ನಿಮ್ಮ ಸೋದರಮಾವ ಮೊಬೈಲಿನಲ್ಲಿ ಮುಖ ತೋರಿಸುತ್ತ ಕರೆದ. “ಕೇಳಸವಲ್ದು, ಮತ್ತೊಮ್ಮೆ ಹೇಳು” ಎಂದು ನಿಮ್ಮ ಅವ್ವ ಮೂರು ಸಲ ಹೇಳಿಸಿದಳು. ಮೂರು ಸಲವೂ ಅವನು ಅದೇ ಮಾತು ಹೇಳಿದ. ಅತ್ತ ನಿಮ್ಮ ಆ ಅಜ್ಜಿ, ಇತ್ತ ನಿಮ್ಮ ತಂಗಿ, ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತ ನಗುತ್ತಿದ್ದರು. ಮಧ್ಯಾಹ್ನ ಕಾರು ಬಂದು ನಿಮ್ಮೆಲ್ಲರನ್ನೂ ಕರೆದೊಯ್ದಿತು. ನಿಮ್ಮ ಕಾಲದಲ್ಲಿ ಕರೆಯುವ ಮಾತನ್ನು ಒಬ್ಬ ಹುಡುಗನ ಬಾಯಿಗೆ ಕೊಟ್ಟು ಕಳಿಸಬೇಕಾಗಿಲ್ಲ. ನಡುವೆ ನನ್ನಂಥವನೊಬ್ಬ ಇಲ್ಲ. ನೀವೆಲ್ಲ ಹೋದ ಮೇಲೆ ಖಾಲಿ ಪಡಸಾಲೆಯಲ್ಲಿ ಕುಳಿತಿರಲು ನನಗೆ ಆಗಲಿಲ್ಲ. ಮರುದಿನ ಮನೋಳಿಗೆ ಹೋದೆ.

ಅಕ್ಕನಿಗೆ ಈಗ ಹೊರಸಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಮಾವ ಹೋಗಿ ಬಹಳ ವರ್ಷವಾಯಿತು. ಅಂದಿನ ಆ ಕೂಸಿನ ತಲೆಯೇ ನರೆತಿದೆ. ಅವನೇ ನನಗೆ ಕುರ್ಚಿ ತಂದುಕೊಟ್ಟು, ಎತ್ತಿಗೆ ನೀರು ಕುಡಿಸಲು ಹೋದ. ಮೊಬೈಲಿನಲ್ಲಿ ಕರೆದರು ಎಂದಾಗ ಅಕ್ಕ ನಕ್ಕಳು.

“ಫೋನಿನ್ಯಾಗ ಕರದ್ರ ಹೋಗತಾರೇನ ಈಗ? ಹೋಗ್ಲಿ ಬಿಡು. ಹೆಂಗರ ಕರೀಲಿ, ಕರಿಯೋರು ಇರಬೇಕು.” ಆಮೇಲೆ ಗೋಡೆಯ ಕಡೆ ನೋಡುತ್ತ ಅಂದಳು, “ನನ್ನ ಕೂಸಿಗೂ ವರ್ಷ ತುಂಬೂ ಪಂಚಮಿ ಅದು. ಅವ್ವ ಬರೇ ಗಂಟು ಕಳಿಸಿದ್ಲು. ನಾ ಏನ ತಪ್ಪು ಮಾಡಿದ್ನೋ ಅಂತ ಇವತ್ತಿಗೂ ಹುಡಕತೇನಿ, ಸಿಗವಲ್ದು. ಆಕೀನ್ನ ಕೇಳಬೇಕಂತಿದ್ದೆ. ಕೇಳೂದ್ರಾಗ ಹೋಗಿಬಿಟ್ಲು.”

ಈಗ ಹೇಳಿದರೆ ಅವ್ವ ಬರುವುದಿಲ್ಲ, ಆ ಪಂಚಮಿ ಬರುವುದಿಲ್ಲ, ಅಕ್ಕ ಅಷ್ಟು ವರ್ಷ ಹುಡುಕಿದ್ದು ಹೋಗುವುದಿಲ್ಲ. ಅವಳ ಪಾಲಿಗೆ ಉಳಿದಿರುವ ಒಬ್ಬ ತಮ್ಮನೂ ಹೋಗುತ್ತಾನೆ, ಅಷ್ಟೇ. ಆದರೂ ಕುರ್ಚಿಯಿಂದ ಇಳಿದು ಅವಳ ಕಾಲ ಹತ್ತಿರ ನೆಲದ ಮೇಲೆ ಕುಳಿತೆ. ಅವಳಿಗೂ ಈಗ ಕಿವಿ ಮಂದ. ಜೋರಾಗಿಯೇ ಹೇಳಿದೆ:

“ನೀ ಏನೂ ತಪ್ಪು ಮಾಡಿಲ್ಲಬೇ ಅಕ್ಕಾ. ಅವ್ವ ನನ್ನ ಕರಿಯಾಕ ಕಳಿಸಿದ್ಲು. ನಾನ ಕೊಡಾಕ ಅಂದೆ. ತಪ್ಪು ನಂದಬೇ. ತಪ್ಪಾತು.”